ಬೈಯದೆ ಕರೆತಂದ ದಿನ

ಹೆಂಡತಿಗೆ ಜ್ವರ ಬಂದಾಗಲೆಲ್ಲ ಬೈಯುತ್ತಲೇ ಕರೆತಂದು, ತಾನು ಮಾತ್ರ ಕ್ಲಿನಿಕ್ಕಿನ ಹೊರಗೇ ನಿಲ್ಲುತ್ತಿದ್ದ ಎಲೆಕ್ಟ್ರಿಷಿಯನ್ ಇಂದು ಬೆಂಚಿನ ಮೇಲೆ ಅವಳ ಪಕ್ಕ ಕೂತಿದ್ದ. ಟೋಕನ್ ಕೊಡುವ ನರ್ಸಮ್ಮನ ಕಿವಿಯೆಲ್ಲ ಅತ್ತಲೇ.

“ಯಾಕೆ, ಈ ಸಲ ಬೈಗುಳ ಇಲ್ವಾ?” ಎಂದು ಹೆಂಡತಿ ಕೇಳಿದಳು.

“ವಾರವಾರ ಆ ಮನಸ್ಸಿನ ಡಾಕ್ಟ್ರ ಹತ್ರ ಮಾತಾಡ್ತೀನಲ್ಲ, ಮೊನ್ನೆ ಅಮ್ಮನ ವಿಷಯ ಬಂತು. ಅವಳನ್ನ ಆಸ್ಪತ್ರೆಗೆ ಸೇರಿಸಿದಾಗ ನನ್ನ ಹೊರಗೇ ನಿಲ್ಲಿಸಿದ್ರು. ಅವಳು ವಾಪಸ್ ಬರಲೇ ಇಲ್ಲ.”

“ಡಾಕ್ಟ್ರು ಏನಂದ್ರು?”

“ಕೇಳಿಸ್ಕೊಂಡ್ರು, ಅಷ್ಟೇ. ಹೇಳ್ತಾ ಹೇಳ್ತಾ ನನಗೇ ಗೊತ್ತಾಯ್ತು.”

“ಹಾಗಾದ್ರೆ ಇಷ್ಟು ವರ್ಷ ನನ್ನ ಬೈದಿದ್ದು?”

“ಹೆದರಿಕೆ ಕಣೆ. ಸಿಟ್ಟು ಅಂತ ನಾನೂ ಅಂದ್ಕೊಂಡಿದ್ದೆ.”

“ಈಗ ಹೋಯ್ತಾ?”

“ಎಲ್ಲಿ? ಕೈ ನೋಡು, ಹೇಗೆ ತಣ್ಣಗಾಗಿದೆ.”

ನರ್ಸಮ್ಮ ಅವರ ನಂಬರ್ ಕರೆದಳು.

“ನನ್ನ ಕೈ ಬಿಸಿಯಾಗೇ ಇದೆ. ಹಿಡ್ಕೊಂಡು ಒಳಗೆ ಬನ್ನಿ,” ಎಂದಳು ಹೆಂಡತಿ.

ಅವನು ಬೆಂಚಿನ ಮೇಲೇ ಮರೆತುಹೋದ ಟೂಲ್ ಬ್ಯಾಗನ್ನು ನರ್ಸಮ್ಮ ತನ್ನ ಮೇಜಿನ ಕೆಳಗೆ ಎತ್ತಿಟ್ಟಳು.