ನೆವೆನಾಳ ಹೆಸರಲ್ಲೊಂದು ವೆಬ್‌ಸೈಟ್

ಇದು ಓಗ್ನ್ಯಾನನಿಗೆ ಆದದ್ದು. ನಮ್ಮ ತಲೆಯ ಮೇಲಿನ ಮನೆಯಲ್ಲೇ ಇರುವವನು, ಅವನು ಜೋರಾಗಿ ನಡೆದರೆ ನಮ್ಮ ಮನೆಯ ದೀಪ ಅಲ್ಲಾಡುತ್ತದೆ. ಹಾಗಾಗಿ ಸುಳ್ಳು ಅನ್ನಬೇಡಿ. ಅನ್ನುವುದಾದರೆ ಈಗಲೇ ಎದ್ದು ಹೋಗಿ, ನಡುವೆ ಬಾಯಿ ಹಾಕಬೇಡಿ.

ನಮ್ಮೂರು ಲೋಮ್‌ನಲ್ಲಿ, ನದಿಯ ಕಡೆಯಿಂದ ಮೇಲೆ ಹತ್ತಿ ಬರುವ ದಾರಿಯಲ್ಲಿ ಒಂದು ಅಕ್ರೋಟು ಮರವಿದೆ. ಅದರ ಬುಡದಲ್ಲಿ ಹಳೇ ಕಲ್ಲಿನ ನೀರಿನ ತೊಟ್ಟಿ. ಕೊಳವೆಯಿಂದ ನೀರು ಬೀಳುತ್ತಲೇ ಇರುತ್ತದೆ. ತೊಟ್... ತೊಟ್... ಆ ರಾತ್ರಿ ಓಗ್ನ್ಯಾನ್ ಆಫೀಸಿನಿಂದ ಬರುವಾಗ ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಅವನಿಗೆ ತಲೆ ಪೂರಾ ಕೆಟ್ಟುಹೋಗಿತ್ತು.

ಅವನ ಕೆಲಸ ಹೀಗೆ. ಊರಿನ ಅಂಗಡಿ, ಶಾಲೆ, ಚರ್ಚು, ಎಲ್ಲರ ವೆಬ್‌ಸೈಟ್‌ಗಳೂ ಒಂದೇ ಸರ್ವರಿನಲ್ಲಿ, ಒಂದೇ ವಠಾರದ ಬಿಡಾರಗಳ ಹಾಗೆ. ಹೊಸಬರು ಬಂದರೆ ಅವರ ಹೆಸರಿಗೊಂದು ಜಾಗ ಮಾಡಿ, ಆ ಹೆಸರು ಹಿಡಿದು ಬಂದವರನ್ನು ಅಲ್ಲಿಗೇ ಕಳಿಸು ಅಂತ ಸರ್ವರಿಗೆ ತಿಳಿಸಬೇಕು. ಇದನ್ನೆಲ್ಲ ಕೈಯಲ್ಲಿ ಮಾಡಿ ಸಾಕಾಗಿ ಅವನೊಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ, ಬರೆದಿದ್ದ. ಕಪ್ಪು ಪರದೆಯ ಮೇಲೆ ಹೆಸರು ಟೈಪ್ ಮಾಡಿದರೆ ಸಾಕು, ಉಳಿದದ್ದನ್ನು ಅದೇ ಮಾಡಿಕೊಳ್ಳುತ್ತಿತ್ತು. ಈಗ ಅದನ್ನೇ ಸುಧಾರಿಸಲು ಕೂತಿದ್ದ. ಇದ್ದ ಹೆಸರನ್ನೇ ಮತ್ತೆ ಕೊಟ್ಟರೆ ಬೇಡ ಅನ್ನಬೇಕು, ಎಡವಿದರೆ ಎಲ್ಲಿ ಎಡವಿತು ಅಂತ ಹೇಳಬೇಕು... ಹಗಲೆಲ್ಲ ತಿದ್ದುತ್ತಿದ್ದ. ಯಾವುದೋ ಸುಳ್ಳು ಹೆಸರು ಕೊಟ್ಟು ಪರೀಕ್ಷಿಸುತ್ತಿದ್ದ. ಎಲ್ಲ ಸರಿಯಾಗೇ ಇರುತ್ತಿತ್ತು. ರಾತ್ರಿ ಸರ್ವರ್ ಬೀಳುತ್ತಿತ್ತು, ಊರಿನ ಅಷ್ಟೂ ವೆಬ್‌ಸೈಟ್‌ಗಳು ಅದರ ಜೊತೆಗೆ. ಬೆಳಗ್ಗೆ ಮತ್ತೆ ಮೊದಲಿಂದ ಕಟ್ಟಬೇಕು. ಹಗಲು ಕಟ್ಟಿದ್ದು ರಾತ್ರಿ ಬೀಳುವುದಕ್ಕೆ ಕಾರಣ ಎಷ್ಟು ತಡಕಿದರೂ ಸಿಗಲಿಲ್ಲ.

ತೊಟ್ಟಿಯ ಹತ್ತಿರ ಯಾರೋ ಕೂತಿದ್ದರು. ಸರಕ್... ಸರಕ್... ಕಬ್ಬಿಣವನ್ನು ಕಲ್ಲಿಗೆ ತೀಡುವ ಸದ್ದು. ಒಬ್ಬ ಮುದುಕ. ಮೊಣಕೈವರೆಗೂ ಸುಣ್ಣ. ಗಾರೆ ಕೆಲಸದ ಕರಣೆ ತೊಳೆಯುತ್ತಿದ್ದ.

"ನಿಂತಿತೇನೋ?" ಅಂದ, ತಲೆ ಎತ್ತದೆ.

"ಏನು?"

"ಕಟ್ಟಿದ್ದು."

"ಇಲ್ಲ... ರಾತ್ರಿ ಬಿದ್ದುಹೋಗತ್ತೆ."

"ಯಾರ ಹೆಸರಿಟ್ಟಿದ್ದೆ?"

"ಯಾರದೂ ಅಲ್ಲ. ಸುಮ್ನೆ ಬಾಯಿಗೆ ಬಂದದ್ದು."

"ಹ್ಞೂಂ..." ಸರಕ್... ಸರಕ್... "ನಾಳೆ ನಿಂಗೆ ಬುತ್ತಿ ತರೋರ್ಯಾರು?"

"ಹೆಂಡ್ತಿ."

ಮುದುಕ ಕರಣೆಯನ್ನು ಮತ್ತೆ ನೀರಿಗೆ ಅದ್ದಿದ. ಓಗ್ನ್ಯಾನ್ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದ. ಅಲ್ಲಿ ಯಾರೂ ಇಲ್ಲ. ತೊಟ್ಟಿಯ ಅಂಚಿನ ಮೇಲೆ ನೀರು ಚೆಲ್ಲಿದ ಗುರುತೂ ಇರಲಿಲ್ಲ. ನಿದ್ದೆಗೆಟ್ಟ ಕಣ್ಣು, ಏನೋ ಕಂಡಿತು ಅಂದುಕೊಂಡು ಮನೆಗೆ ಬಂದು ಬಿದ್ದುಕೊಂಡ.

ಆ ರಾತ್ರಿಯೂ ಸರ್ವರ್ ಬಿತ್ತು. ಬೆಳಗ್ಗೆ ಯಜಮಾನ ಕ್ರುಮ್ ಕಾದು ನಿಂತಿದ್ದ. "ಇವತ್ತೊಂದಿನ ನೋಡ್ತೀನಿ ಕಣಪ್ಪ. ರಾತ್ರಿ ಬಿತ್ತೋ, ನೀನೂ ಅದರ ಜೊತೆಗೇ ಬಿದ್ದೆ ಅಂತ ತಿಳ್ಕೋ."

ಮಧ್ಯಾಹ್ನ ಓಗ್ನ್ಯಾನನ ಹೆಂಡತಿ ನೆವೆನಾ ಪಾತ್ರೆ ಹಿಡಿದು ಬಂದಳು. ಒಳಗೆ ಅನ್ನ ತುಂಬಿ ಬೇಯಿಸಿದ ದಪ್ಪ ಮೆಣಸಿನಕಾಯಿ, ಮೇಲೆ ಮೊಸರು. ಅವನಿಗೆ ಮುದುಕನ ನೆನಪೇ ಆಗಲಿಲ್ಲ. ಆಗಿದ್ದರೆ ಬಾಗಿಲಲ್ಲೇ ಅವಳನ್ನು ವಾಪಸ್ ಕಳಿಸುತ್ತಿದ್ದೆ ಅಂತ ಆಮೇಲೆ ನನ್ನೆದುರು ಎಷ್ಟು ಸಲ ಹೇಳಿದ್ದಾನೋ.

"ತಿನ್ನೋ. ನಿನ್ನ ಮುಖ ನೋಡಿ ಮೊಸರೂ ಹುಳಿಯಾಗ್ತಿದೆ" ಅಂದಳು.

"ಪರೀಕ್ಷೆಗೆ ಒಂದು ಹೆಸರು ಹೇಳೇ. ನಂಗೆ ಗೊತ್ತಿರೋದೆಲ್ಲ ಮುಗಿದುಹೋಯ್ತು."

"ನಂದೇ ಹಾಕು. ಊರಿಗೆಲ್ಲ ಕಟ್ಟಿಕೊಟ್ಟೆ, ಕಟ್ಕೊಂಡವಳಿಗೆ ಒಂದು ಗುಡಿಸಲೂ ಇಲ್ಲ."

ಇಬ್ಬರೂ ನಕ್ಕರು. ಅವನು ಹಾಕಿದ.

ಆ ರಾತ್ರಿ ಸರ್ವರ್ ಬೀಳಲಿಲ್ಲ. ಮರುದಿನವೂ ಇಲ್ಲ. ಕ್ರುಮ್ ಬೆನ್ನು ತಟ್ಟಿ, ಒಂದು ಬಾಟಲಿ ರಾಕಿಯಾ ಸಾರಾಯಿ ಕೊಟ್ಟು ಕಳಿಸಿದ.

ಮನೆಗೆ ಬಂದರೆ ನೆವೆನಾ ಪಾದ ತಣ್ಣಗಾಗಿದೆ ಅಂತ ಉಣ್ಣೆಯ ಕಾಲುಚೀಲ ಹಾಕಿಕೊಂಡು ಕೂತಿದ್ದಳು. ವಾರದೊಳಗೆ ಅವಳಿಗೆ ಮೊಣಕಾಲು ಮಡಿಸಲಾಗಲಿಲ್ಲ. "ಏನೋ ಒತ್ತಿ ಹಿಡಿದ ಹಾಗಿದೆ ಕಣೋ... ಸುತ್ತಲೂ" ಅಂದಳು. ಆಮೇಲೆ ಸೊಂಟ. ಡಾಕ್ಟರು ಎಕ್ಸ್‌ರೇ ತೆಗೆಸಿದರು, ರಕ್ತ ತೆಗೆದರು, ಏನೂ ಸಿಗಲಿಲ್ಲ. ಓಗ್ನ್ಯಾನ್ ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತ ರಾತ್ರಿ ಕಳೆಯುತ್ತಿದ್ದ. ಜೀವ ಬಾಯಿಗೆ ಬಂದಿತ್ತು ಅವನಿಗೆ, ಅವಳ ಮುಂದೆ ತೋರಿಸುತ್ತಿರಲಿಲ್ಲ.

ನೋಡಿಕೊಳ್ಳಲು ಹಳ್ಳಿಯಿಂದ ಅವಳ ತಾಯಿ ನೆದೆಲ್ಯಾ ಬಂದಳು. ಆಕೆಯ ಗಂಡ ಗಾರೆ ಕೆಲಸದವನು, ತೀರಿಕೊಂಡು ಬಹಳ ಕಾಲವಾಗಿತ್ತು. ಮಗಳ ಕಾಲು ಮುಟ್ಟಿದಳು, ಹೊಟ್ಟೆ ಮುಟ್ಟಿದಳು. ಅಳಿಯನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು. ಕಿರ್... ಟಕ್.

"ಯಾವ ಗೋಡೆಗೆ ಕೊಟ್ಟೆ ಇವಳನ್ನ?" ಪಿಸುಮಾತು.

"ಏನಮ್ಮಾ ನೀವು ಹೇಳೋದು?"

"ಗೋಡೆ ನಿಲ್ಲದಿದ್ರೆ ಹಿಂದಿನ ಗಾರೆಯೋರು ಏನ್ಮಾಡ್ತಿದ್ರು ಗೊತ್ತಾ? ಬದುಕಿರೋರ ನೆರಳನ್ನ ದಾರದಲ್ಲಿ ಅಳೆದು, ಆ ದಾರಾನ ಪಾಯಕ್ಕೆ ಇಟ್ಟು ಕಟ್ತಿದ್ರು. ಗೋಡೆ ನಿಲ್ತಿತ್ತು. ನೆರಳು ಕೊಟ್ಟೋರು ಸತ್ತುಹೋಗ್ತಿದ್ರು. ನೀನು ಇವಳದ್ದು ಏನಿಟ್ಟೆ?"

ಅವನಿಗೆ ಆಗ ತೊಟ್ಟಿಯ ಮುದುಕ ನೆನಪಾದ.

"ಹೆಸರು..." ಅಂದ.

"ತೆಗಿ. ಈಗಲೇ ಹೋಗಿ ತೆಗಿ. ಬೀಳೋದೆಲ್ಲ ಬೀಳ್ಲಿ."

ಆಫೀಸಿಗೆ ಓಡಿದ. ಸ್ಕ್ರಿಪ್ಟಿನಲ್ಲಿ ಕಟ್ಟುವುದನ್ನಷ್ಟೇ ಬರೆದಿದ್ದ, ತೆಗೆಯುವುದನ್ನು ಬರೆದೇ ಇರಲಿಲ್ಲ. ಅದನ್ನೂ ಬರೆದ. ಹೆಂಡತಿಯ ಹೆಸರು ಕೊಟ್ಟ. ಪರದೆಯ ಮೇಲೆ ಒಂದೇ ಸಾಲು ಬಂತು: ಈ ಹೆಸರಿನಲ್ಲಿ ಏನೂ ಇಲ್ಲ. ಹುಡುಕಿದ. ನಿಜವಾಗಿಯೂ ಇರಲಿಲ್ಲ. ಮೊಬೈಲಿನಲ್ಲಿ ಅವಳ ಹೆಸರಿನ ವೆಬ್‌ಸೈಟ್ ಒತ್ತಿದ... ತೆರೆಯಿತು. ಬಿಳೀ ಪುಟ.

ಸರ್ವರಿನ ವೈರು ಕಿತ್ತ. ರುಂಯ್ ಅನ್ನುತ್ತಿದ್ದ ಫ್ಯಾನು ರುಂ... ರುಂ... ಅಂತ ನಿಂತಿತು. ಮತ್ತೆ ಒತ್ತಿದ. ತೆರೆಯಿತು. ಪೆಟ್ಟಿಗೆ ಬಿಚ್ಚಿ, ಒಳಗಿನ ಡಿಸ್ಕನ್ನು ನೆಲಕ್ಕಿಟ್ಟು ಸುತ್ತಿಗೆಯಿಂದ ಜಜ್ಜಿದ. ಮತ್ತೆ ಒತ್ತಿದ. ಅದು ತೆರೆದು ಕೂತಿತ್ತು. ಆಗಲೇ ಅತ್ತೆಯ ಫೋನು.

"ಎದೆಗೆ ಬಂತು. ಬಾ."

ಅವನು ಬಂದಾಗ ನೆವೆನಾಗೆ ಪ್ರಜ್ಞೆ ಇತ್ತು. ಕೈ ಎತ್ತಲಾಗುತ್ತಿರಲಿಲ್ಲ.

"ಬಾಯಿ ಹತ್ರ ಸ್ವಲ್ಪ ಜಾಗ ಬಿಡೋ... ಉಸಿರಿಗೆ" ಅಂದಳು.

"ಬಿಡ್ತೀನಿ ಕಣೇ. ಬಿಡ್ತಿದ್ದೀನಿ" ಅಂದ. ಏನು ಬಿಡಬೇಕೋ ಅವನಿಗೇನು ಗೊತ್ತು. ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಕೂತ. ಮಾತು ನಿಂತ ಮೇಲೆ ಅವಳ ತುಟಿಗೆ ಕಿವಿ ಇಟ್ಟ. ಗೋಡೆಯ ಆಚೆಯಿಂದ ಬಂದ ಹಾಗೆ ಉಸಿರು ಕೇಳಿಸಿತು... ಆಮೇಲೆ ಅದೂ ಇಲ್ಲ.

ಅವಳ ಫೋಟೋ ಇರುವ ಸಾವಿನ ಕಾಗದವನ್ನು ನಮ್ಮ ಕಟ್ಟಡದ ಬಾಗಿಲಿಗೆ ಅಂಟಿಸಿದವನು ನಾನೇ. ಜಜ್ಜಿದ ಸರ್ವರನ್ನು ಗುಜರಿಯವನ ಗಾಡಿಗೆ ಎತ್ತಿ ಹಾಕುವಾಗ ಒಂದು ಕಡೆ ಹಿಡಿದವನೂ ನಾನೇ. ಕ್ರುಮ್ ಬೇರೆ ಸರ್ವರ್ ಕೊಳ್ಳಲಿಲ್ಲ, ಕೊಳ್ಳುವ ಅಗತ್ಯ ಬೀಳಲಿಲ್ಲ. ಅದು ಇದ್ದ ಮೇಜು ಈಗ ಖಾಲಿ. ಓಗ್ನ್ಯಾನ್ ಮಾತ್ರ ಇನ್ನೂ ಕಟ್ಟಿದ್ದನ್ನು ಕೆಡವಲು ಕೂರುತ್ತಾನೆ. ರಾತ್ರಿಯೆಲ್ಲ ಮೇಲಿನಿಂದ ಟಕ ಟಕ... ಟಕ ಟಕ... ಟೈಪ್ ಮಾಡುವ ಸದ್ದು ಕೇಳಿಸುತ್ತದೆ. ಆಗುವುದಿಲ್ಲ ಅಂತ ಅವನಿಗೂ ಗೊತ್ತು. ಒಂದು ಸಲ ಮೇಲೆ ಹೋಗಿ ಸಾಕು ಬಿಡಪ್ಪಾ ಅಂದೆ, ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡ.

ನಡೆದದ್ದು ಇಷ್ಟು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಹೋದ ಸೋಮವಾರ ನನಗೆ ಹಲ್ಲುನೋವು ತಡೆಯಲಾಗದೆ ನಮ್ಮೂರ ಹಲ್ಲಿನ ಡಾಕ್ಟರ ವೆಬ್‌ಸೈಟ್ ಒತ್ತಿದೆ. ಅದೂ ಆ ಜಜ್ಜಿದ ಸರ್ವರಿನಲ್ಲೇ ಇದ್ದದ್ದು. ತಕ್ಷಣ ತೆರೆಯಿತು. ನಾಳೆ ಹತ್ತು ಗಂಟೆಗೆ ಬನ್ನಿ ಅಂತ ಉತ್ತರವೂ ಬಂತು.