ತಂಗಿಯ ಮೈಯಲ್ಲಿ ಅಕ್ಕನ ರಕ್ತ

ಸಕ್ಕರೆ ಪರೀಕ್ಷೆಗೆಂದು ಆಸ್ಪತ್ರೆಯ ಬೆಂಚಿನ ಮೇಲೆ ಖಾಲಿ ಹೊಟ್ಟೆಯಲ್ಲಿ ಕೂತಿದ್ದ ಟೈಲರಮ್ಮನ ಕಿವಿ, ಪಕ್ಕದ ಅಕ್ಕತಂಗಿಯರ ಮಾತಿನತ್ತ ತಾನಾಗಿ ವಾಲಿತು. ತಂಗಿ ಕಾಲೇಜು ಹುಡುಗಿ; ತಳಿವಿಜ್ಞಾನದ ಪ್ರಾಜೆಕ್ಟು ಬರೆಯುತ್ತಿದ್ದಳು.

"ಮೇಡಮ್ಮು ಬಟಾಣಿ ಗಿಡ ತಗೋ ಅಂದ್ರು. ನಾನು ನಮ್ಮಿಬ್ಬರದ್ದೇ ಮಾಡ್ತೀನಿ ಅಂದೆ."

"ನಮ್ಮದೇನಿದೆಯೇ ಮಾಡೋಕೆ?"

"ನಿನ್ನ ಅಸ್ಥಿಮಜ್ಜೆ ಹಾಕಿದ್ಮೇಲೆ ನನ್ನ ಮೈಯಲ್ಲಿ ಓಡ್ತಿರೋದು ನಿನ್ನ ರಕ್ತ ತಾನೇ? ರಕ್ತ ನೋಡಿದ್ರೆ ನಿನ್ನ ಡಿಎನ್‌ಎ, ಕೂದಲ ಬುಡ ನೋಡಿದ್ರೆ ನಂದು."

"ಅದಕ್ಕೇ ಈಗೀಗ ನಿನಗೂ ಮೂಗಿನ ತುದೀಲೇ ಕೋಪ."

"ಕೋಪ ರಕ್ತದಲ್ಲಿ ಬರಲ್ಲ ಕಣಕ್ಕಾ. ಅಮ್ಮನ ಮಜ್ಜೆ ಹೊಂದಲಿಲ್ಲ, ಅಣ್ಣಂದೂ ಹೊಂದಲಿಲ್ಲ. ನಿಂದೇ ಯಾಕೆ ಹೊಂದ್ತು ಅಂತ ಬರೀಬೇಕು."

"ಹೊಂದದೇ ಇದ್ದಿದ್ರೆ?"

ತಂಗಿ ಅಕ್ಕನ ಹೆಗಲಿಗೆ ತಲೆಯಾನಿಸಿದಳು. ಟೈಲರಮ್ಮ ತನ್ನ ಹಸಿವನ್ನೇ ಮರೆತಿದ್ದಳು.

"ಮೊದಲನೇ ಪುಟದಲ್ಲಿ ಕೃತಜ್ಞತೆ ಬರೀಬೇಕಂತೆ. ಮೇಡಮ್ಮಿಗೆ, ಕಾಲೇಜಿಗೆ ಎಲ್ಲಾ ಬರೆದೆ. ನಿನಗೆ ಏನಂತ ಬರೀಲಿ, ತೋಚ್ತಾನೇ ಇಲ್ಲ."

"ಏನೂ ಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ಸಾಕು."

ಅಷ್ಟರಲ್ಲಿ ನರ್ಸ್ ರಕ್ತ ಪರೀಕ್ಷೆಗೆ ತಂಗಿಯ ಹೆಸರು ಕರೆದಳು. ತಂಗಿ ಅಂಗಿಯ ತೋಳು ಮಡಚುತ್ತಾ ಎದ್ದು, ಅಕ್ಕನ ಕೈ ಹಿಡಿದೆಳೆದಳು.

"ಬಾರೇ, ನಿನ್ನ ರಕ್ತ ಕೊಟ್ಟು ಬರೋಣ."