ಮರಳಿ ಬಂದ ಇಪ್ಪತ್ತು ಕಿಲೋ

ವೇದಿಕೆಯ ನಡುವೆ ಆಸೀನರಾಗಿರುವ ನಮ್ಮ ಕಾರ್ಮಿಕ ಸಂಘದ ಅಧ್ಯಕ್ಷರಾದ ಹಾಜಿ ಮನ್ಸೂರ್ ಅವರೇ, ಮುಖ್ಯ ಅತಿಥಿಗಳಾದ ಡಾಕ್ಟರ್ ಮನೋನ್ಮಣಿ ಅವರೇ, ಈ ವರ್ಷದ ತೂಕ ಇಳಿಸುವ ಸ್ಪರ್ಧೆಯಲ್ಲಿ ಗೆದ್ದಿರುವ ತಮ್ಮ ಫೈರುಸ್, ಕೈಗವಸು ಕಾರ್ಖಾನೆಯ ನನ್ನ ಸಹೋದ್ಯೋಗಿಗಳೇ, ಅವರ ಮನೆಮಂದಿಯೇ, ಊಟದ ಮೇಜಿನತ್ತ ಆಗಾಗ ಕಣ್ಣು ಹಾಯಿಸುತ್ತಿರುವ ಸಭಿಕರೇ,

ನಾನು ಜಹಾರಾ, ತಪಾಸಣೆ ವಿಭಾಗದವಳು. ಹೋದ ವರ್ಷ ನಮ್ಮ ತೈಪಿಂಗ್ ಪಟ್ಟಣದ ಇದೇ ಸಭಾಂಗಣದಲ್ಲಿ ಇದೇ ಸ್ಪರ್ಧೆಯ ಬಹುಮಾನ ಪಡೆದಿದ್ದೆ. ಇಪ್ಪತ್ತು ಕಿಲೋ ಇಳಿಸಿದ್ದೆ. ಆ ಇಪ್ಪತ್ತು ಕಿಲೋವೂ ಈಗ ನನ್ನ ಜೊತೆಯಲ್ಲೇ ವೇದಿಕೆ ಹತ್ತಿದೆ. ಕೆಲವರು ನನ್ನನ್ನು ನೋಡಿ, ಆಮೇಲೆ ಪಕ್ಕದವರನ್ನು ನೋಡುತ್ತಿದ್ದೀರಿ. ಸಂಕೋಚ ಬೇಡ, ಚೆನ್ನಾಗಿಯೇ ನೋಡಿ. ಹಿಂದಿನ ಸಾಲಿಗೂ ಕಾಣಲಿ ಎಂದೇ ಹಳದಿ ಬಟ್ಟೆ ತೊಟ್ಟು ಬಂದಿದ್ದೇನೆ.

ಹಾಜಿಯವರು ಫೋನ್ ಮಾಡಿದ್ದರು. ಪಾಪ, ತಡವರಿಸಿದರು. "ಜಹಾರಾ ಅವ್ರೇ, ಹಳೇ ವಿಜೇತರು ಬಂದು ಬಹುಮಾನ ಕೊಡೋದು ಪದ್ಧತಿ. ಆದ್ರೆ ನಿಮಗೆ ಮುಜುಗರ ಆಗೋದಾದ್ರೆ ಬೇರೆಯವ್ರ ಕೈಲಿ ಕೊಡಿಸ್ತೀವಿ."

"ಮುಜುಗರ ಆಗತ್ತೆ ಹಾಜಿ. ಆದ್ರೂ ಬರ್ತೀನಿ" ಎಂದೆ.

ನಾನು ತೂಕ ಹೇಗೆ ಇಳಿಸಿದೆ ಎಂದು ಹೋದ ವರ್ಷ ನೀವೆಲ್ಲ ಕೇಳಿದಿರಿ. ತೆಂಗಿನಹಾಲಿನ ಅನ್ನ ಬಿಟ್ಟೆ, ಸಕ್ಕರೆ ಬಿಟ್ಟೆ, ಬೇಯಿಸಿದ ಸೊಪ್ಪು ತಿಂದೆ ಎಂದು ಹೇಳಿದ್ದೆ. ಮನೆಯಲ್ಲಿ ಏನಾಗುತ್ತಿತ್ತು ಎಂಬುದನ್ನು ಹೇಳಿರಲಿಲ್ಲ. ಆ ದಿನಗಳಲ್ಲಿ ನನ್ನ ಗಂಡ ಜಮಾಲ್ ಸಂಜೆ ತಡವಾಗಿ ಬರತೊಡಗಿದರು. ಶಾಲೆಯ ವ್ಯಾನ್ ಓಡಿಸುವವರಿಗೆ ಸಂಜೆ ಅದೇನು ಕೆಲಸ? ನನಗೆ ಅನುಮಾನ ಬಂತು. ನಗಬೇಡಿ, ನಿಮಗೂ ಬರುತ್ತಿತ್ತು! ಒಂದು ಸಂಜೆ ಹಿಂಬಾಲಿಸಿ ಹೋದೆ. ಕೆರೆ ದಂಡೆಯ ಅಂಗಡಿಯಲ್ಲಿ ನಮ್ಮ ಯಜಮಾನರು ಒಬ್ಬರೇ ಕುಳಿತು, ರೊಟ್ಟಿ ಚನಾಯ್ ಮುರಿದು ಸಾರಿನಲ್ಲಿ ಅದ್ದುತ್ತಿದ್ದರು.

"ಮನೇಲಿ ಯಾಕೆ ತಿನ್ನಲ್ಲ ನೀವು?"

"ನಿಂಗೆ ವಾಸ್ನೆ ಬರಬಾರ್ದು ಅಂತ ಕಣೇ. ಹೋದ ವಾರ ನನ್ ತಟ್ಟೆ ನೋಡಿ ನೀನು ಅತ್ತಿದ್ದೆ."

ಅತ್ತದ್ದು ನನಗೆ ನೆನಪೇ ಇರಲಿಲ್ಲ. ಹಸಿವು ಅಷ್ಟು ದೊಡ್ಡದಾಗಿತ್ತು, ಸಭಿಕರೇ.

ಬಹುಮಾನ ಬಂತು. ಹಸಿವು ಹೋಯಿತೇ? ಹೋಗಲಿಲ್ಲ. ಬಿಸಿಲಿನಲ್ಲೂ ನನಗೆ ಚಳಿ. ಮೆಟ್ಟಿಲು ಹತ್ತಿದರೆ ಸುಸ್ತು. ಮೊದಲಿನಷ್ಟೇ ಕಡಿಮೆ ಉಣ್ಣುತ್ತಿದ್ದರೂ ತಕ್ಕಡಿಯ ಮುಳ್ಳು ಇಳಿಯುವುದನ್ನು ನಿಲ್ಲಿಸಿತು. ಒಂದು ತುತ್ತು ಹೆಚ್ಚಾದರೆ ಏರುತ್ತಿತ್ತು. ಉಪವಾಸದ ತಿಂಗಳು ಮುಗಿದು ಹರಿ ರಾಯ ಹಬ್ಬ ಬರುವ ಹೊತ್ತಿಗೆ ಇಳಿಸಿದ್ದರಲ್ಲಿ ಅರ್ಧ ಮರಳಿತ್ತು. ನಾದಿನಿ ರೊಕಿಯಾ ಮನೆತುಂಬ ನೆಂಟರ ಎದುರು ಕೇಳಿದಳು: "ಏನತ್ತಿಗೆ, ಗೋಡೆ ಮೇಲಿರೋ ಬಹುಮಾನದ ಫೋಟೋ ನಿಮ್ ತಂಗೀದಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳ ತಟ್ಟೆಯಲ್ಲಿ ನನ್ನ ತಟ್ಟೆಯ ಎರಡರಷ್ಟು ಊಟವಿತ್ತು. ಅವಳು ಬಿದಿರುಕಡ್ಡಿಯಂತೆ ಇದ್ದಾಳೆ.

ಆಮೇಲೆ ನಾನು, ಮೊದಲಿನಿಂದಲೂ ನನಗಿರುವ ಸಕ್ಕರೆ ಕಾಯಿಲೆಯ ತಪಾಸಣೆಗೆ ಹೋಗುವುದನ್ನೇ ಬಿಟ್ಟೆ. ಹೇಗೆ ಹೋಗಲಿ? ತೂಕ ಇಳಿದಾಗ ಆ ಚಿಕಿತ್ಸಾಲಯದ ದಾದಿಯರೆಲ್ಲ ಎದ್ದು ನಿಂತು ನನಗೆ ಚಪ್ಪಾಳೆ ತಟ್ಟಿದ್ದರು. ಅದೇ ತಕ್ಕಡಿಯ ಮೇಲೆ ಮತ್ತೆ ಹತ್ತುವುದೇ? ಮಾತ್ರೆ ಮುಗಿಯಿತು, ತರಲಿಲ್ಲ. ಬಾಯಿ ಒಣಗುತ್ತಿತ್ತು, ಕಣ್ಣು ಮಂಜಾಗುತ್ತಿತ್ತು, ಯಾರಿಗೂ ಹೇಳಲಿಲ್ಲ. ಮುಂದಿನದು ನಿಮಗೇ ಗೊತ್ತು. ಮಧ್ಯಾಹ್ನದ ಪಾಳಿಯಲ್ಲಿ ಪೆಟ್ಟಿಗೆಗಳ ನಡುವೆ ಕುಸಿದು ಬಿದ್ದೆ. ಸುಸ್ತಾಗಿತ್ತು ಎಂದು ನಿಮಗೆಲ್ಲ ಹೇಳಿದೆ. ಸುಸ್ತಲ್ಲ, ನಾಚಿಕೆ. ನಾಚಿಕೆ ನನ್ನನ್ನು ಸಾವಿನ ಹತ್ತಿರಕ್ಕೆ ಒಯ್ದಿತ್ತು.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಹಾಸಿಗೆಯ ಪಕ್ಕದಲ್ಲಿ ಡಾಕ್ಟರ್ ಮನೋನ್ಮಣಿ ಇದ್ದರು. ಬೈಗುಳಕ್ಕೆ ಕಾದು ಮಲಗಿದ್ದೆ.

"ಅಕ್ಕಾ, ನಿಮ್ ಮೈಗೆ ಸ್ಪರ್ಧೆ ಗೊತ್ತಿಲ್ಲ, ಬಹುಮಾನಾನೂ ಗೊತ್ತಿಲ್ಲ. ಊಟ ಕಮ್ಮಿ ಆಯ್ತು ಅಂದ್ರೆ ಬರಗಾಲ ಬಂತು ಅಂದ್ಕೊಳ್ಳತ್ತೆ. ಸುಮ್ನೆ ಕೂತಿದ್ರೂ ಖರ್ಚಾಗೋ ಶಕ್ತೀನ ಕಮ್ಮಿ ಮಾಡ್ಕೊಳ್ಳತ್ತೆ. ಹಸಿವು ಜಾಸ್ತಿ ಮಾಡತ್ತೆ, ಹೊಟ್ಟೆ ತುಂಬಿದ್ರೂ ತುಂಬ್ಲಿಲ್ಲ ಅನ್ನತ್ತೆ. ತೂಕ ಇಳಿದು ವರ್ಷ ಆದ್ರೂ ಈ ಹಟ ಬಿಡಲ್ಲ. ಪಾಪ, ನಿಮ್ಮನ್ನ ಉಳಿಸ್ಕೊಳ್ಳೋಕೆ ನೋಡ್ತಿದೆ."

"ಅಂದ್ರೆ, ನನ್ ಮನಸ್ಸು ಗಟ್ಟಿ ಇಲ್ಲ ಅಂತಲ್ವಾ ಡಾಕ್ಟ್ರೇ?"

"ಮನಸ್ಸು ಗಟ್ಟಿ ಇಲ್ದೋರು ಇಪ್ಪತ್ತು ಕಿಲೋ ಇಳಿಸ್ತಾರಾ?"

ಆ ಚಪ್ಪಾಳೆಗಳೆಲ್ಲ ಸೇರಿದರೂ ಈ ಒಂದು ಮಾತಿಗೆ ಸಮವಲ್ಲ. ದಿಂಬು ನೆನೆಯುವಷ್ಟು ಅತ್ತೆ.

ಹಾಗೆಂದು ಅವರು ಕೈಚೆಲ್ಲಿ ಕೂರಿ ಎನ್ನಲಿಲ್ಲ. ನಿಧಾನವಾಗಿ ಇಳಿಸೋಣ, ನಡೆಯಿರಿ, ಬೇಕಾದರೆ ಔಷಧಿಯ ನೆರವೂ ಉಂಟು, ನಾಲ್ಕೈದು ಕಿಲೋ ಇಳಿದರೂ ಸಕ್ಕರೆಗೆ ಒಳ್ಳೆಯದು ಎಂದರು. ಕೊನೆಗೆ, "ತೂಕ ಇಳೀಲಿ, ಏರ್ಲಿ, ನೀವು ಮಾತ್ರ ಬರೋದು ನಿಲ್ಲಿಸ್ಬೇಡಿ" ಎಂದರು. ಈಗ ಹೋಗುತ್ತಿದ್ದೇನೆ. ತಕ್ಕಡಿ ಹತ್ತುತ್ತಿದ್ದೇನೆ. ಸಕ್ಕರೆ ಹತೋಟಿಗೆ ಬಂದಿದೆ. ತೂಕ ತನ್ನ ಮನಸ್ಸಿಗೆ ಬಂದಂತೆ ಇದೆ.

ತಮ್ಮ ಫೈರುಸ್, ಬರುವ ತಿಂಗಳು ನಿನ್ನ ಮದುವೆ. ಮದುವಣಿಗನ ಉಡುಪು ಚೆನ್ನಾಗಿ ಕೂರುತ್ತದೆ, ಸಂತೋಷ. ನೀನು ಪಟ್ಟ ಕಷ್ಟ ಈ ಸಭೆಯಲ್ಲಿ ನನಗಿಂತ ಹೆಚ್ಚು ಯಾರಿಗೂ ತಿಳಿಯದು. ಆದರೆ ಒಂದು ವೇಳೆ ತೂಕ ಮರಳಿತೆಂದು ಇಟ್ಟುಕೋ. ಆಗ ನಮ್ಮಿಂದ ಅಡಗಬೇಡ. ಕ್ಯಾಂಟೀನಿಗೆ ಬಾ, ವೈದ್ಯರ ಬಳಿಗೆ ಹೋಗು, ನನ್ನ ಮನೆಗೆ ಬಾ. ಮತ್ತು ಸಭಿಕರೇ, ಅವನು ಬಂದಾಗ ನಿಮ್ಮ ಕಣ್ಣು ಮೊದಲು ಅವನ ಹೊಟ್ಟೆಗೆ ಹೋಗಬಾರದು. ಇಷ್ಟು ಮಾಡುತ್ತೀರಾ?

ವೇದಿಕೆ ಹತ್ತುವ ಮೊದಲು ಪರದೆಯ ಹಿಂದೆ ಇವನನ್ನು ಕೇಳಿದೆ: "ಏನು ತಿಂದ್ಯೋ ಬೆಳಿಗ್ಗೆ?"

"ಇವತ್ತು ಕೊನೇ ತೂಕ ನೋಡೋದಿತ್ತಲ್ಲಕ್ಕಾ... ನೀರೂ ಕುಡಿದಿಲ್ಲ" ಎಂದ.

ಹಾಜಿಯವರೇ, ಇನ್ನೂ ಇಬ್ಬರ ಭಾಷಣ ಬಾಕಿ ಇದೆ ಎಂದು ಬಲ್ಲೆ. ಅವರ ಕ್ಷಮೆ ಕೋರುತ್ತೇನೆ. ಬಹುಮಾನ ನನ್ನ ಕೈಯಲ್ಲಿದೆ, ಕೊಡುತ್ತೇನೆ. ಆದರೆ ಉಳಿದ ಭಾಷಣಗಳಿಗಿಂತ ಮೊದಲು ಈ ಹುಡುಗನ ಊಟ.

ಇಷ್ಟು ಹೊತ್ತು ಕಿವಿಗೊಟ್ಟ ನಿಮ್ಮೆಲ್ಲರಿಗೂ ಕೃತಜ್ಞತೆಗಳು. ಏಳು ಫೈರುಸ್, ಅನ್ನ ಬಿಸಿಯಾಗಿದೆ. ನಮಸ್ಕಾರ.